ಆಪ್ಷನ್ ಎಂಟ್ರಿ: ಪಟ್ಟಿಯ ಕೊನೆಯ ಸಾಲಿನಲ್ಲಿ ಯಾವ ಕಾಲೇಜು?

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಆರಂಭವಾದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸೈಬರ್ ಸೆಂಟರ್‌ಗಳ ಮುಂದೆ ಪಾಲಕರು ಸಾಲು ನಿಲ್ಲುತ್ತಾರೆ. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಬೆಂಗಳೂರಿನ ಐದಾರು ದೊಡ್ಡ ಕಾಲೇಜುಗಳ ಹೆಸರು, ಎಲ್ಲದರ ಮುಂದೆಯೂ ಕಂಪ್ಯೂಟರ್ ಸೈನ್ಸ್. ಮಗುವಿನ ರ‍್ಯಾಂಕ್ ಏಳು ಸಾವಿರವಿದ್ದರೂ ಅದೇ ಚೀಟಿ, ಎಪ್ಪತ್ತು ಸಾವಿರವಿದ್ದರೂ ಅದೇ ಚೀಟಿ. ಹಂಚಿಕೆಯ ದಿನ ಪರದೆಯ ಮೇಲೆ 'ಸೀಟು ಹಂಚಿಕೆಯಾಗಿಲ್ಲ' ಎಂದು ಬರುತ್ತದೆ. ಮರುದಿನವೇ ಏಜೆಂಟರ ಫೋನ್. ಆಮೇಲೆ ಅಂಗಡಿಯ ಬಂಡವಾಳವೋ ಮನೆಯ ಬಂಗಾರವೋ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗುತ್ತದೆ. ಇದರಲ್ಲಿ ಮಗುವಿನ ಬುದ್ಧಿವಂತಿಕೆಯ ಕೊರತೆ ಏನೂ ಇರುವುದಿಲ್ಲ, ಪಟ್ಟಿ ಬರೆದ ರೀತಿಯಲ್ಲಿ ತಪ್ಪಿರುತ್ತದೆ.

ಸೀಟು ಹಂಚುವ ಕ್ರಮ ತಿಳಿದರೆ ಅರ್ಧ ಭಯ ಹೋಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ಆ ವಿದ್ಯಾರ್ಥಿ ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಅವನ ಪಾಲಿಗೆ ಉಳಿದಿರುವ ಮೊದಲ ಸೀಟನ್ನು ಕೊಡುತ್ತದೆ. ಹಾಗಾಗಿ ಹತ್ತನೆಯ ಸಾಲಿನಲ್ಲೋ ನೂರನೆಯ ಸಾಲಿನಲ್ಲೋ ದಾವಣಗೆರೆಯ ಕಾಲೇಜು ಬರೆದ ಮಾತ್ರಕ್ಕೆ ಮೊದಲ ಸಾಲಿನ ಬೆಂಗಳೂರು ಕಾಲೇಜು ತಪ್ಪಿಹೋಗುವುದಿಲ್ಲ. 'ಕೆಳಗಿನದು ಹಾಕಿದರೆ ಅದೇ ಗತಿ' ಎಂಬ ಮಾತು ಪ್ರತಿ ವರ್ಷ ಊರೂರಲ್ಲಿ ಹರಡುತ್ತದೆ. ಅದು ಪೂರ್ತಿ ಸುಳ್ಳು. ಪಟ್ಟಿ ಉದ್ದವಾದರೆ ನಷ್ಟವಿಲ್ಲ, ಗಿಡ್ಡವಾದರೆ ಕೈ ಖಾಲಿ.

ಚನ್ನಗಿರಿಯ ಅಡಿಕೆ ಬೆಳೆಗಾರರು ಧಾರಣೆ ಏರಲಿ ಎಂದು ಮಾಲು ಹಿಡಿದಿಡುವುದುಂಟು, ಆದರೆ ಮನೆ ಖರ್ಚಿಗೆ ಬೇಕಾದಷ್ಟನ್ನು ಮೊದಲೇ ಮಾರಿರುತ್ತಾರೆ. ವ್ಯಾಪಾರದಲ್ಲಿ ಇಷ್ಟು ಎಚ್ಚರವಿರುವ ಮನೆಗಳೇ ಮಕ್ಕಳ ಸೀಟಿನ ವಿಷಯದಲ್ಲಿ ಎಲ್ಲವನ್ನೂ ಒಂದೇ ಎಣಿಕೆಯ ಮೇಲೆ ಇಡುತ್ತವೆ.

ಹೋದ ವರ್ಷದ ಕಟ್‌ಆಫ್ ನೋಡಿ ಲೆಕ್ಕ ಹಾಕುವುದು ಸರಿ, ಆದರೆ ಅದರ ಅಂಚಿನಲ್ಲಿ ನಿಲ್ಲಬಾರದು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯು ಅಂಕ ಅರ್ಧ. ಎರಡರಲ್ಲಿ ಯಾವುದು ಏರುಪೇರಾದರೂ ರ‍್ಯಾಂಕ್ ಜರುಗುತ್ತದೆ. 2024ರಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಈಗ ದ್ವಿತೀಯ ಪಿಯುಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. 2025ರಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಪಡೆದವರೇ ಎರಡೂವರೆ ಲಕ್ಷಕ್ಕಿಂತ ಹೆಚ್ಚು. ಹೀಗಿರುವಾಗ ಹಿಂದಿನ ಕಟ್‌ಆಫ್ 60 ಸಾವಿರ ಇದ್ದ ಸೀಟು 59 ಸಾವಿರ ರ‍್ಯಾಂಕಿನವನಿಗೆ ಸುರಕ್ಷಿತವಲ್ಲ, 40 ಸಾವಿರದವನಿಗೆ ಸುರಕ್ಷಿತ.

ಕಟ್‌ಆಫ್ ಪಟ್ಟಿಯಲ್ಲಿ ಯಾವ ಕಾಲಂ ನೋಡಬೇಕು ಎಂಬಲ್ಲಿಯೇ ಸಮಾಜದ ಅನೇಕರು ಎಡವುತ್ತಾರೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿಯಲ್ಲಿದ್ದಾರೆ. ಶ್ವೇತಾಂಬರ ಕುಟುಂಬಗಳ ಮಕ್ಕಳು ಸಾಮಾನ್ಯ ವರ್ಗದಲ್ಲೇ ಸ್ಪರ್ಧಿಸಬೇಕು. 2014ರಲ್ಲಿ ಕೇಂದ್ರ ಸರ್ಕಾರ ಜೈನರಿಗೆ ಕೊಟ್ಟ ಅಲ್ಪಸಂಖ್ಯಾತ ಮಾನ್ಯತೆ ಬೇರೆ, ಈ 3ಬಿ ಬೇರೆ. ಒಂದರ ಪ್ರಮಾಣಪತ್ರ ಇನ್ನೊಂದಕ್ಕೆ ನಡೆಯುವುದಿಲ್ಲ. ಅಲ್ಪಸಂಖ್ಯಾತ ಪತ್ರದ ಉಪಯೋಗ ಅಲ್ಪಸಂಖ್ಯಾತ ಕಾಲೇಜುಗಳ ತಮ್ಮ ಸಮುದಾಯದ ಸೀಟಿಗೆ, ವಿದ್ಯಾರ್ಥಿವೇತನಕ್ಕೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೆ. ಕಾಲೇಜಿನ ಹೆಸರಿನಲ್ಲಿ 'ಜೈನ್' ಎಂದಿದ್ದರೆ ಕೋಟಾ ಇದ್ದೇ ಇರುತ್ತದೆ ಎಂದುಕೊಳ್ಳುವುದೂ ತಪ್ಪು. ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಗ್ರಾಮೀಣ ಮೀಸಲಾತಿಯ ಕಥೆ ಇನ್ನೂ ಸೂಕ್ಷ್ಮ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳಿವೆ. ಬೆಂಗಳೂರಿನವರಿಗೆ ಚನ್ನಗಿರಿಯೂ ಹಳ್ಳಿಯೇ ಇರಬಹುದು. ಕಾನೂನಿಗೆ ಹಾಗಲ್ಲ. ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣವಲ್ಲ. ಜಗಳೂರು ಪಟ್ಟಣದಲ್ಲಿ ಓದಿದ ಮಗುವಿಗೆ ಇದು ಸಿಗುವುದಿಲ್ಲ, ಪಕ್ಕದ ಹಳ್ಳಿಯಲ್ಲಿ ಹತ್ತೂ ವರ್ಷ ಓದಿದವನಿಗೆ ಸಿಗುತ್ತದೆ. ಮುಖ್ಯೋಪಾಧ್ಯಾಯರ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಈ ಮೀಸಲಾತಿ ನಂಬಿ ಪಟ್ಟಿ ಬರೆದು, ಪರಿಶೀಲನೆಯಲ್ಲಿ ಪತ್ರ ಬಿದ್ದುಹೋದರೆ ಸುರಕ್ಷಿತ ಎಂದು ಬರೆದ ಸಾಲುಗಳೆಲ್ಲ ಒಮ್ಮೆಗೇ ಕುಸಿಯುತ್ತವೆ.

ಇನ್ನು ಹತ್ತಿರದ ಕಾಲೇಜುಗಳು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಆಗ ಹೊನ್ನಾಳಿ ತಾಲೂಕಿನಲ್ಲೇ ಇತ್ತು. ಬಸ್ಸುಗಳು ಇಂದಿಗೂ ಆ ಹಳೆಯ ದಾರಿಗಳಲ್ಲೇ ಓಡುತ್ತವೆ. ಆದ್ದರಿಂದ ದಾವಣಗೆರೆಯ ಯುಬಿಡಿಟಿ, ಬಿಐಇಟಿ ಜೊತೆಗೆ ನ್ಯಾಮತಿಯವರು ಶಿವಮೊಗ್ಗದ ಜೆಎನ್‌ಎನ್‌ಸಿಇಯನ್ನೂ, ಜಗಳೂರಿನವರು ಚಿತ್ರದುರ್ಗದ ಎಸ್‌ಜೆಎಂಐಟಿಯನ್ನೂ ಬರೆಯಬಹುದು. ಒಂದೇ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬೇರೆ ಬೇರೆ ಆಪ್ಷನ್ ಎಂಬುದು ನೆನಪಿರಲಿ. ಕಂಪ್ಯೂಟರ್ ಸೈನ್ಸ್ ಸಿಗದ ಕಡೆ ಸಿವಿಲ್ ಸುಲಭವಾಗಿ ಸಿಗುತ್ತದೆ.

ಫೀಸನ್ನೂ ಆಪ್ಷನ್ ಬರೆಯುವಾಗಲೇ ನೋಡಬೇಕು. ಯುಬಿಡಿಟಿ ವಿಟಿಯುನ ಘಟಕ ಕಾಲೇಜು. ಅಲ್ಲಿಯೂ ಅರ್ಧದಷ್ಟು ಸೀಟು ಪೇಮೆಂಟ್ ಕೋಟಾಕ್ಕೆ ಹೋದುದರ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಸರ್ಕಾರಿ ಎಂಬ ಹೆಸರು ನೋಡಿ ಫೀಸು ಊಹಿಸಿದವರಿಗೆ ಆಗ ಪೆಟ್ಟು ಬಿತ್ತು. ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮಾಫಿಯ ಎಸ್‌ಎನ್‌ಕ್ಯೂ ಸೀಟಿಗೆ ಅವಕಾಶವಿದೆ. ಆದಾಯ ಪತ್ರ ಮೊದಲೇ ಮಾಡಿಸಿಟ್ಟವರಿಗೆ ಮಾತ್ರ ಅದು ದಕ್ಕುತ್ತದೆ.

ಮನೆಯೊಳಗಿನ ಮಾತು ಇನ್ನೊಂದಿದೆ. ರ‍್ಯಾಂಕ್ ಪ್ರಕಾರ ಸೀಟು ಖಚಿತ, ಫೀಸೂ ಸರಿ, ಆದರೆ ಸೀಟು ಬಂದ ಮೇಲೆ 'ಹುಡುಗಿಯನ್ನು ಅಷ್ಟು ದೂರ ಕಳಿಸುವುದಿಲ್ಲ' ಎಂದು ಅಜ್ಜ ಹೇಳುತ್ತಾರೆ. ಹಾಸ್ಟೆಲಿನಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟವಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯಿಲ್ಲ ಎಂದು ತಾಯಿ ಹಿಂಜರಿಯುತ್ತಾರೆ. ಈ ಮಾತುಗಳು ತಪ್ಪೆಂದಲ್ಲ, ಸೀಟು ಬಂದ ಮೇಲೆ ಬಂದರೆ ತಪ್ಪು. ಕಳಿಸಲು ಮನಸ್ಸಿಲ್ಲದ ಕಾಲೇಜು ಪಟ್ಟಿಯಲ್ಲಿದ್ದರೆ ಅದು ಸುರಕ್ಷಿತ ಆಯ್ಕೆಯಲ್ಲ, ಖಾಲಿ ಸಾಲು. ಪಟ್ಟಿಯ ತಳದ ನಾಲ್ಕು ಸಾಲುಗಳನ್ನು ಮೊದಲು ಬರೆದು, ಮಗಳಿಗೂ ಅಜ್ಜನಿಗೂ ಓದಿ ಹೇಳಿ ಒಪ್ಪಿಸಿ, ಆಮೇಲೆ ಮೇಲಿನ ಕನಸಿನ ಕಾಲೇಜುಗಳಿಗೆ ಹೋಗುವುದು ಒಳ್ಳೆಯದು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಹೆಚ್ಚು ಮುಖ್ಯ. ಸೀಟು ಬಿಟ್ಟ ಹುಡುಗನಿಗೆ ಮರುವರ್ಷ ಇನ್ನೊಂದು ಅವಕಾಶ ಕೊಡುವ ಮನೆಗಳು ಹುಡುಗಿಗೆ ಗಂಡು ನೋಡಲು ಶುರುಮಾಡುತ್ತವೆ.

ಸೀಟು ಬಂದ ಮೇಲೆ ಚಾಯ್ಸ್ ಒತ್ತುವಾಗಲೂ ಎಚ್ಚರ ಬೇಕು. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಸೀಟು ಕೈಯಲ್ಲಿಟ್ಟುಕೊಂಡೇ ಮೇಲಿನ ಆಪ್ಷನ್‌ಗಳಿಗೆ ಕಾಯುವುದು. ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಹೊರಬೀಳುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಸೈಬರ್ ಸೆಂಟರ್ ಹುಡುಗ ಹೇಳಿದಂತೆ ಮೂರು ಒತ್ತಿ ಕೈಲಿದ್ದುದನ್ನೂ ಕಳೆದುಕೊಳ್ಳುವ ಅಪಾಯವಿದೆ. ಲಾಗಿನ್, ಪಾಸ್‌ವರ್ಡ್ ಕೂಡ ಬೇರೆಯವರ ಕೈಗೆ ಹೋಗಬಾರದು. 2024ರ ಕೊನೆಯಲ್ಲಿ ಬಯಲಾದ ಸೀಟ್ ಬ್ಲಾಕಿಂಗ್ ಪ್ರಕರಣದಲ್ಲಿ, ಸೇರುವ ಇರಾದೆ ಇಲ್ಲದ ವಿದ್ಯಾರ್ಥಿಗಳ ಲಾಗಿನ್ ಬಳಸಿಯೇ ಸೀಟು ಹಿಡಿದಿಟ್ಟ ಆರೋಪದ ಮೇಲೆ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದ್ದರು.

ಎಂಜಿನಿಯರಿಂಗ್ ಸುತ್ತುಗಳು ಮುಗಿಯುವ ಹೊತ್ತಿಗೆ ಪದವಿ ಕಾಲೇಜುಗಳ ಪ್ರವೇಶ ಮುಚ್ಚಿರಬಹುದು. ಊರಲ್ಲೇ ಇರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಅಥವಾ ಬಿಕಾಂಗೆ ಅರ್ಜಿ ಹಾಕಿಡುವುದು ಅವಮಾನವಲ್ಲ. ಸಿಎ ಓದಲು ಬಯಸುವ ಮಗುವಿಗೆ ಬಿಕಾಂ ಮೊದಲ ಆಯ್ಕೆಯೇ ಆಗಬಹುದು.

ನಿಜವಾದ ಹಂಚಿಕೆಗೆ ಮುನ್ನ ಪ್ರಾಧಿಕಾರ ಅಣಕು ಹಂಚಿಕೆ ಪ್ರಕಟಿಸುತ್ತದೆ, ನಂತರ ತಿದ್ದಲು ಕೆಲವು ದಿನ ಕೊಡುತ್ತದೆ. ಮೊದಲ ಸುತ್ತು ಮುಗಿದ ಮೇಲೆ ಸಾಮಾನ್ಯವಾಗಿ ಹೊಸ ಆಪ್ಷನ್ ಸೇರಿಸಲು ಬಿಡುವುದಿಲ್ಲ. ಅಣಕು ಹಂಚಿಕೆಯಲ್ಲಿ ಏನೂ ಬಾರದಿದ್ದರೆ ಆ ಸಂಜೆಯೇ ಅಂಗಡಿ ಸ್ವಲ್ಪ ಬೇಗ ಮುಚ್ಚಿ, ಮಗುವಿನ ಜೊತೆ ಕುಳಿತು ಪಟ್ಟಿಯ ತಳಕ್ಕೆ ಇನ್ನಷ್ಟು ಸಾಲು ಸೇರಿಸಬೇಕು.