ಎರಡು ಗಂಟೆಯ ತಕ್ಕಡಿ

ಚಳಿಗಾಲದ ಎಳೆಬಿಸಿಲಿನ ಒಂದು ಶನಿವಾರ. ಉತ್ತರ ಕರ್ನಾಟಕದ ಯಾವುದೋ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯ ಗೇಟಿನ ಹೊರಗೆ ಸಂತೆಯಂತೆ ಜನ. ಬಸ್ಸು, ಟಂಟಂ, ಮೋಟಾರು ಸೈಕಲ್ಲು ಎಂದು ಸಿಕ್ಕಿದ್ದನ್ನು ಹತ್ತಿ ಬಂದ ಅಪ್ಪ-ಅಮ್ಮಂದಿರು ಹೊಂಗೆ ಮರದ ನೆರಳು ಹಿಡಿದು ಕುಳಿತಿದ್ದಾರೆ. ಒಬ್ಬಾತ ಗೋವಿನಜೋಳದ ರಾಶಿಯನ್ನು ಕಣದಲ್ಲೇ ಬಿಟ್ಟು ಬಂದಿದ್ದಾನೆ. ಆತನ ಹೆಂಡತಿಯ ಮಡಿಲಲ್ಲಿ ಬುತ್ತಿಯ ಗಂಟು. ತುಟಿ ಅಲುಗುತ್ತಿದೆ, ಯಾವ ದೇವರಿಗೆ ಏನು ಹರಕೆಯೋ. ಒಳಗೆ ಹನ್ನೊಂದೂವರೆಗೆ ಶುರುವಾದ ಪರೀಕ್ಷೆ ಒಂದೂವರೆಗೆ ಮುಗಿಯುತ್ತದೆ. ಗಂಟೆ ಬಾರಿಸಿದ್ದೇ ತಡ, ಎಲ್ಲರೂ ಗೇಟಿಗೆ.

"ಹೆಂಗಾತೋ ಪೇಪರು?"

"ಛಲೋ ಆಗೇತಪ್ಪಾ."

"ಎಷ್ಟು ಬಿಟ್ಟಿ?"

"ಒಂದೂ ಬಿಟ್ಟಿಲ್ಲ."

"ಮೊದ್ಲ ಹುಡುಗ ಉಣ್ಣಲಿ ಬಿಡ್ರಿ" ಎಂದು ತಾಯಿ ಬುತ್ತಿ ಬಿಚ್ಚುತ್ತಾಳೆ. ತಂದೆಗೆ ಉಣ್ಣುವ ವ್ಯವಧಾನವಿಲ್ಲ. ಬೇರೆ ಮಕ್ಕಳು ಎಷ್ಟು ಬರೆದರೆಂದು ಆತ ಆಗಲೇ ವಿಚಾರಿಸಲು ಹೊರಟಾಗಿದೆ.

ಇದು ಜವಾಹರ ನವೋದಯ ವಿದ್ಯಾಲಯದ 6ನೆಯ ತರಗತಿಗೆ ಪ್ರವೇಶ ಪಡೆಯುವ ಪರೀಕ್ಷೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು ಈ ಶಾಲೆಗಳು. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡೇ ಎರಡು ಶಾಲೆಗಳಾಗಿ ಮೊದಲಾಗಿದ್ದು ಇಂದು ದೇಶದಲ್ಲಿ 650ಕ್ಕೂ ಹೆಚ್ಚಾಗಿವೆ. ಜಿಲ್ಲೆಗೊಂದು ಶಾಲೆ, ತಮಿಳುನಾಡು ಮಾತ್ರ ಬೇಡವೆಂದು ಹೊರಗುಳಿದಿದೆ. ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. 9ನೆಯ ತರಗತಿಯಿಂದ ತಿಂಗಳಿಗೆ 600 ರೂಪಾಯಿ ಕೊಡಬೇಕಾದರೂ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕನಿಷ್ಠ ಶೇ. 75 ಸೀಟುಗಳು ಹಳ್ಳಿಯ ಮಕ್ಕಳಿಗೇ ಮೀಸಲು, ಮೂರರಲ್ಲೊಂದು ಪಾಲು ಹುಡುಗಿಯರಿಗೆ. ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಹೊಲದ ಬದುವಿನ ಮೇಲೆ ಬೆಳೆದ ಮಗು ಹನ್ನೆರಡನೆಯ ತರಗತಿಯವರೆಗೆ ಖರ್ಚಿಲ್ಲದೆ ಓದುವ ದಾರಿ ಇದು. ಪಾಲಕರು ಆಸೆಪಡುವುದರಲ್ಲಿ ತಪ್ಪೇನಿದೆ?

ತಪ್ಪಿಲ್ಲ. ಆದರೆ ಸೀಟು ಎಷ್ಟು? ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80. ದೇಶದಲ್ಲೆಲ್ಲ ಸೇರಿ ಸುಮಾರು 50 ಸಾವಿರ. ಈಚಿನ ವರ್ಷಗಳಲ್ಲಿ ಅರ್ಜಿ ಹಾಕುವ ಮಕ್ಕಳು 20 ಲಕ್ಷಕ್ಕೂ ಮಿಕ್ಕಿ. ಅಂದರೆ ಒಂದು ಸೀಟಿಗೆ ಕಡಿಮೆಯೆಂದರೂ 40 ಮಕ್ಕಳು. ಒಬ್ಬರು ಒಳಗೆ, ಮೂವತ್ತೊಂಬತ್ತು ಮಂದಿ ಹೊರಗೆ. ಇನ್ನೂ ಒಂದು ಕಟ್ಟುನಿಟ್ಟಿದೆ: 6ನೆಯ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು, 5ನೆಯ ತರಗತಿಯಲ್ಲಿರುವಾಗ. ಎಸ್ಸೆಸ್ಸೆಲ್ಸಿ ನಪಾಸಾದವನಿಗೆ ಮರುಪರೀಕ್ಷೆ ಉಂಟು, ಹತ್ತು ವರ್ಷದ ಪೋರನಿಗೆ ಇಲ್ಲ!

ಈ 'ಒಂದೇ ಸಲ' ಎಂಬ ಮಾತೇ ತರಬೇತಿ ಕೇಂದ್ರಗಳಿಗೆ ಬಂಡವಾಳ. ವಿಜಯಪುರ, ಧಾರವಾಡಗಳಿಂದ ಹಿಡಿದು ಸಣ್ಣ ತಾಲ್ಲೂಕು ಊರುಗಳವರೆಗೆ 'ನವೋದಯ, ಸೈನಿಕ, ಮೊರಾರ್ಜಿ' ಎಂದು ಬರೆದ ಫ್ಲೆಕ್ಸುಗಳು ತೂಗುತ್ತವೆ. ಹೋದ ಸಾಲಿನಲ್ಲಿ ಆಯ್ಕೆಯಾದ ಮಕ್ಕಳ ಫೋಟೋಗಳು ಅದರಲ್ಲಿ ಸಾಲುಸಾಲು. ಆಯ್ಕೆಯಾಗದವರ ಸಂಖ್ಯೆಯನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ. ನಾಲ್ಕನೆಯ ತರಗತಿಯ ಮಗುವನ್ನು ತಂದು ಇಲ್ಲಿನ ಹಾಸ್ಟೆಲಿನಲ್ಲಿ ಬಿಡುವವರಿದ್ದಾರೆ. ಅದಕ್ಕಾಗಿ ಎಮ್ಮೆ ಮಾರಿದವರೂ ಇದ್ದಾರೆ. ಬೆಳಗಿನ ಐದಕ್ಕೆ ಎಬ್ಬಿಸಿ ಆಕೃತಿಗಳ ಸರಣಿ ಬಿಡಿಸುವುದು, ರಾತ್ರಿ ಹತ್ತಕ್ಕೆ ಲ.ಸಾ.ಅ., ಮ.ಸಾ.ಅ. ಮಾಡಿಸುವುದು. ಇನ್ನೊಂದು ಕಡೆ ನಿಯಮವೇನು? ಗ್ರಾಮೀಣ ಮೀಸಲಾತಿ ಬೇಕಾದರೆ 3, 4 ಮತ್ತು 5ನೆಯ ತರಗತಿಗಳನ್ನು ಮಗು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಇದಕ್ಕೂ ಉಪಾಯ ಕಂಡುಕೊಂಡವರಿಗೆ ಕೊರತೆಯಿಲ್ಲ: ಹೆಸರು ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ, ಹುಡುಗ ಪಟ್ಟಣದ ತರಬೇತಿಯಲ್ಲಿ. ಹಳ್ಳಿಯ ಮಗುವಿಗೆಂದು ಕಾದಿಟ್ಟ ಸೀಟು ಹೀಗೆ ತರಬೇತಿಯ ಶುಲ್ಕ ಕಟ್ಟಬಲ್ಲವನ ಮಗುವಿಗೆ ಹೋಗುತ್ತದೆ. ಮೊದಲ ಸುಳ್ಳನ್ನು ಆ ಮಗು ಕಲಿಯುವುದೂ ಇಲ್ಲಿಯೇ.

ಅದಿರಲಿ. ಈ ಪರೀಕ್ಷೆ ಅಳೆಯುವುದಾದರೂ ಏನನ್ನು? 80 ಪ್ರಶ್ನೆಗಳು, 100 ಅಂಕ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳಿಗೆ 50, ಅಂಕಗಣಿತ ಮತ್ತು ಭಾಷೆಯ ತಲಾ 20 ಪ್ರಶ್ನೆಗಳಿಗೆ 25-25. ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ವೃತ್ತವನ್ನು ತುಂಬಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಒಬ್ಬ ಹುಡುಗನಿಗೆ 80ರಲ್ಲಿ 60 ಪ್ರಶ್ನೆಗಳ ಉತ್ತರ ಖಚಿತವಾಗಿ ಗೊತ್ತು ಎನ್ನೋಣ. ಉಳಿದ 20ನ್ನು ಅಂದಾಜಿನ ಮೇಲೆ ತುಂಬುತ್ತಾನೆ. ಅಂಕ ಕಳೆಯದಿರುವಾಗ ತುಂಬಬೇಕಾದ್ದೇ ಜಾಣತನ. ನಾಲ್ಕರಲ್ಲಿ ಒಂದು ಸರಿ ಎಂಬ ಲೆಕ್ಕದಲ್ಲಿ 5 ಸರಿಯಾಗಬೇಕು. ಆದರೆ ಚೌಕಾಬಾರ ಆಡಿದವರಿಗೆಲ್ಲ ಗೊತ್ತಿರುವಂತೆ ಕವಡೆ ಸರಾಸರಿಯ ಮಾತು ಕೇಳುವುದಿಲ್ಲ. ಒಬ್ಬನಿಗೆ 3 ಬೀಳುತ್ತದೆ, ಪಕ್ಕದ ಬೆಂಚಿನವನಿಗೆ 7. ಎರಡೂ ಅಪರೂಪವಲ್ಲ. ಈಗ ನೋಡಿ: ಇಬ್ಬರೂ ಬಲ್ಲದ್ದು ಅಷ್ಟೇ, ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲ. ಆದರೆ ಅಂಕಪಟ್ಟಿಯಲ್ಲಿ 5 ಅಂಕದ ಅಂತರ! ಸಾವಿರಾರು ಮಕ್ಕಳು ಒಂದೂಕಾಲು, ಎರಡೂವರೆ ಅಂಕಗಳ ಅಂತರದಲ್ಲಿ ಒತ್ತೊತ್ತಾಗಿ ನಿಂತಿರುವ ಕಡೆ 5 ಅಂಕವೆಂದರೆ ಆಕಾಶ-ಪಾತಾಳ. ಒಬ್ಬ ನವೋದಯಕ್ಕೆ, ಇನ್ನೊಬ್ಬ ಮನೆಗೆ.

ಯಾವ ಅಳತೆಗೋಲಿಗೂ ಒಂದು ಮಿತಿ ಇರುತ್ತದೆ. ಸೌದೆ ಡಿಪೋದ ತಕ್ಕಡಿ ಕ್ವಿಂಟಲುಗಟ್ಟಲೆ ಸೌದೆಯನ್ನು ಸರಿಯಾಗಿಯೇ ತೂಗುತ್ತದೆ. ಅದೇ ತಕ್ಕಡಿಯಲ್ಲಿ ಚಿನ್ನದ ಸರ ಇಟ್ಟರೆ? ಮುಳ್ಳು ಅಲುಗುವುದೇ ಇಲ್ಲ, ಅಲುಗಿದರೂ ಗಾಳಿಗೆ. ಹಾಗೆಯೇ ಈ ಪರೀಕ್ಷೆ ಭಿನ್ನರಾಶಿ ಅರಿಯದ ಮಗುವನ್ನೂ ಅರಿತ ಮಗುವನ್ನೂ ಬೇರೆ ಮಾಡೀತು. ಆದರೆ ಪಟ್ಟಿಯ ಕಡೆಯ ಮಗುವಿಗೂ ಪಟ್ಟಿಯಿಂದ ಹೊರಗುಳಿದ ಮೊದಲ ಮಗುವಿಗೂ ನಡುವಿನ ವ್ಯತ್ಯಾಸ ತೋರಿಸುವ ಶಕ್ತಿ ಅದಕ್ಕಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು, ಎಳೆಯುತ್ತಾರೆ. ಆ ಗೆರೆಯಾದರೂ ಒಂದೇ ಅಲ್ಲ. ಜಿಲ್ಲೆಯಿಂದ ಜಿಲ್ಲೆಗೆ, ಮೀಸಲಾತಿಯ ವರ್ಗದಿಂದ ವರ್ಗಕ್ಕೆ ಅದು ಬೇರೆ.

ವಯಸ್ಸಿನ ಮಾತನ್ನೂ ಗಮನಿಸಬೇಕು. ಈಚಿನ ವರ್ಷಗಳ ಪ್ರಕಟಣೆಗಳಲ್ಲಿ ಅರ್ಹ ಜನ್ಮದಿನಾಂಕಗಳ ಅವಧಿ 27 ತಿಂಗಳು. ಎಂದರೆ ಒಂಬತ್ತೂವರೆಯ ಮಗುವೂ ಹನ್ನೊಂದೂವರೆ ದಾಟಿದ ಮಗುವೂ ಒಂದೇ ಕೊಠಡಿಯಲ್ಲಿ ಒಂದೇ ಪತ್ರಿಕೆ ಬರೆಯುತ್ತವೆ. ದೊಡ್ಡವರಲ್ಲಿ ಎರಡು ವರ್ಷ ಲೆಕ್ಕಕ್ಕಿಲ್ಲ. ಆ ವಯಸ್ಸಿನಲ್ಲಿ ಅದು ಬದುಕಿನ ಐದನೆಯ ಒಂದು ಭಾಗ. 'ಪಕ್ಕದ ಮನೆಯವನಿಗೆ ಬಂತು, ನಿನಗೇಕೆ ಬರಲಿಲ್ಲ?' ಎಂದು ಗದರುವ ಮುನ್ನ ಪಕ್ಕದ ಮನೆಯವನು ಹುಟ್ಟಿದ್ದು ಯಾವಾಗ ಎಂದು ಕೇಳಿಕೊಳ್ಳುವುದು ಒಳ್ಳೆಯದು.

'ಮಾನಸಿಕ ಸಾಮರ್ಥ್ಯ' ಎಂಬ ಹೆಸರೇ ಪಾಲಕರನ್ನು ಹೆದರಿಸುತ್ತದೆ. ಮಗುವಿನ ತಲೆಯನ್ನೇ ತೂಗಿಬಿಟ್ಟರು ಎಂಬ ಭಾವನೆ. ಇಂಥ ಪರೀಕ್ಷೆಗಳ ಮೂಲ ಪುರುಷ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆತ ಸಹೋದ್ಯೋಗಿ ಸಿಮೋನ್ ಜೊತೆ ಇದನ್ನು ರೂಪಿಸಿದ್ದು ತರಗತಿಯಲ್ಲಿ ಹಿಂದೆ ಬಿದ್ದ, ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ನೆರವಿಗೆಂದು ಹುಟ್ಟಿದ್ದು ಜರಡಿಯಾಯಿತು. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯ ಬಳಿಕ ಹನ್ನೊಂದನೆಯ ವಯಸ್ಸಿಗೆ ಇಂಥದೇ ಪರೀಕ್ಷೆಯಿಂದ ಮಕ್ಕಳನ್ನು ಬೇರ್ಪಡಿಸಿ ಗ್ರಾಮರ್ ಶಾಲೆಗೆ ಒಬ್ಬರನ್ನು, ಸಾಧಾರಣ ಶಾಲೆಗೆ ಮೂವರನ್ನು ಎಂಬಂತೆ ಕಳಿಸತೊಡಗಿದರು. 1965ರ ನಂತರ ಬಹುಪಾಲು ಪ್ರದೇಶಗಳು ಅದನ್ನು ಕೈಬಿಟ್ಟವು. ಉಳಿದ 163 ಗ್ರಾಮರ್ ಶಾಲೆಗಳಿಗಾಗಿ ಅಲ್ಲಿಯೂ ಪಾಲಕರು ಮನೆಪಾಠದ ಮೇಷ್ಟ್ರುಗಳ ಹಿಂದೆ ಅಲೆಯುತ್ತಾರೆ. ಅಭ್ಯಾಸದಿಂದ ಈ ಪ್ರಶ್ನೆಗಳ ಅಂಕ ಏರುತ್ತದೆಂದು 1950ರ ದಶಕದಲ್ಲೇ ಅಲ್ಲಿನ ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದರು. ಅದರ ಜೊತೆಗೇ ಇನ್ನೊಂದನ್ನೂ ಕಂಡರು: ಮೊದಲ ಕೆಲವು ಪತ್ರಿಕೆಗಳಲ್ಲಿ ಏರುವಷ್ಟು ಆಮೇಲೆ ಏರುವುದಿಲ್ಲ. ಪ್ರಶ್ನೆಯ ರೀತಿ ಪರಿಚಯವಾದ ಮೇಲೆ ಲಾಭ ಇಳಿಯುತ್ತ ಹೋಗುತ್ತದೆ. ಎಮ್ಮೆ ಮಾರುವ ಮೊದಲು ಯೋಚಿಸಬೇಕಾದ ಸಂಗತಿ ಇದು.

ಆ ಪರಿಚಯವನ್ನು ಮನೆಯಲ್ಲೇ ಮಾಡಿಸಲು ಅಡ್ಡಿಯಿಲ್ಲ. ಮಡಿಸಿದ ಕಾಗದದಲ್ಲಿ ತೂತು ಮಾಡಿ ಬಿಚ್ಚಿದರೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಹಳೆಯ ಪತ್ರಿಕೆಯ ಹಾಳೆ ಮತ್ತು ಕತ್ತರಿ ಸಾಕು. ಕನ್ನಡಿ ಬಿಂಬಕ್ಕೆ ಗೋಡೆಯ ಕನ್ನಡಿಯೇ ಉಂಟು. ಅರ್ಧ ಆಕೃತಿ ಕೊಟ್ಟು ಉಳಿದರ್ಧ ಹುಡುಕಿಸುವುದನ್ನು ಚುಕ್ಕಿ ರಂಗೋಲಿ ಹಾಕುವ ಯಾವ ತಾಯಿಯಾದರೂ ಕಲಿಸಬಲ್ಲಳು. ತನಗೆ 'ಮಾನಸಿಕ ಸಾಮರ್ಥ್ಯ' ಬರುತ್ತದೆಂದು ಆಕೆಗೆ ಯಾರೂ ಹೇಳಿಲ್ಲ, ಅಷ್ಟೆ. ಭಾಷೆಯ ಪ್ರಶ್ನೆಗಳು ಗದ್ಯಭಾಗ ಓದಿ ಉತ್ತರಿಸುವಂಥವು. ದಿನಪತ್ರಿಕೆಯ ಒಂದು ಸುದ್ದಿ ಓದಿಸಿ ನಾಲ್ಕು ಪ್ರಶ್ನೆ ಕೇಳಿದರಾಯಿತು. ಲಾಭ-ನಷ್ಟದ ಲೆಕ್ಕಗಳು ಅಡತಿ ಅಂಗಡಿಯ ಚೀಟಿಯಲ್ಲೇ ಇರುತ್ತವೆ. ಮುಖ್ಯವಾಗಿ ವೃತ್ತ ತುಂಬುವ ಅಭ್ಯಾಸ ಬೇಕು. ಬಾಲ್‌ಪೆನ್ನಿನಿಂದ ತುಂಬಿದ್ದನ್ನು ಅಳಿಸುವಂತಿಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು ವೃತ್ತದ ಸಾಲನ್ನು ಬಿಡಲು ಮರೆತರೆ ಅಲ್ಲಿಂದ ಮುಂದಿನ ಉತ್ತರಗಳೆಲ್ಲ ಒಂದು ಮನೆ ಸರಿದುಹೋಗುತ್ತವೆ. ಬುದ್ಧಿವಂತ ಮಕ್ಕಳು ಸೋಲುವುದು ಹೀಗೂ ಉಂಟು. ಮನೆಯಲ್ಲಿ ಕಾಗದದ ಮೇಲೆ 80 ಸಾಲು ವೃತ್ತ ಬರೆದು, ಗಡಿಯಾರ ಇಟ್ಟು ಐದಾರು ಸಲ ಮಾಡಿಸಿದರೆ ಈ ಅಪಾಯ ತಪ್ಪೀತು.

ಪರೀಕ್ಷೆಗೆ ಕೂರಿಸುವ ಮೊದಲೇ ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ನವೋದಯದಲ್ಲಿ 9ನೆಯ ತರಗತಿಯ ಸುಮಾರು ಶೇ. 30 ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ಶಾಲೆಗೆ ಕಳಿಸುತ್ತಾರೆ, ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಾರೆ. ಒಳ್ಳೆಯ ಯೋಜನೆ. ಆದರೆ ಹಬ್ಬಕ್ಕೆ ಬಾರದ ಮಗನನ್ನು ನೆನೆದು ಅಳುವ ತಾಯಿಗೆ ಅದು ಮೊದಲೇ ಗೊತ್ತಿರಲಿಲ್ಲ ಎಂದಾಗಬಾರದು.

ಇನ್ನು ಫಲಿತಾಂಶ. ಬೇಸಿಗೆಯ ಹೊತ್ತಿಗೆ ಬರುತ್ತದೆ. ಗೇಟಿನ ಬಳಿ ಕಾದಿದ್ದ ಆ ತಂದೆ ಮಗನನ್ನು ಕರೆದುಕೊಂಡು ಸೈಬರ್ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ನೋಂದಣಿ ಸಂಖ್ಯೆ ಒತ್ತುತ್ತಾನೆ, ತೆರೆಯ ಕಡೆಗೊಮ್ಮೆ, ಹುಡುಗನ ಕಡೆಗೊಮ್ಮೆ ನೋಡುತ್ತಾನೆ. ಆಗಿಲ್ಲ.

"ಮುಂದಿನ ವರ್ಷ ಮತ್ತ ಬರೀಲೇನಪ್ಪಾ?" ಹುಡುಗ ಕೇಳುತ್ತಾನೆ.

ಹತ್ತು ರೂಪಾಯಿ ಎಣಿಸಿಕೊಡುತ್ತಿದ್ದ ತಂದೆ ಉತ್ತರ ಕೊಡುವುದಿಲ್ಲ. ದಾರಿಯುದ್ದಕ್ಕೂ ಮಾತಿಲ್ಲ. ಆ ಮೌನವನ್ನು ಹುಡುಗ ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಳ್ಳುತ್ತಾನೆ: ನಾನು ದಡ್ಡ. ಮುಂದೆ ಗಣಿತದ ತರಗತಿಯಲ್ಲಿ ಕೈ ಎತ್ತುವುದನ್ನು ನಿಲ್ಲಿಸುತ್ತಾನೆ. ಎರಡು ಗಂಟೆಯ ಪರೀಕ್ಷೆ ಮಾಡದ ಹಾನಿಯನ್ನು ಅರ್ಧ ಗಂಟೆಯ ಮೌನ ಮಾಡುತ್ತದೆ. ಹೊಡೆಯುವುದು, ಬೈಯುವುದು ಎಲ್ಲರ ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ. ಕವಡೆಯ ಲೆಕ್ಕವನ್ನು ಅಂದೇ, ಆ ದಾರಿಯಲ್ಲೇ ಮಗನಿಗೆ ಹೇಳಿದ್ದರೆ? ಹತ್ತು ವರ್ಷದ ಮಗುವಿಗೆ ಅದು ಖಂಡಿತ ಅರ್ಥವಾಗುತ್ತದೆ.

ಹೇಳಲು ಬೇರೆ ಸಂಗತಿಗಳೂ ಇವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ರಾಜ್ಯದಲ್ಲಿ ನೂರಾರಿವೆ, ಅವುಗಳ ಪ್ರವೇಶ ಪರೀಕ್ಷೆ ಬೇರೆ. ಆಯ್ದ 74 ತಾಲ್ಲೂಕುಗಳಲ್ಲಿ ಆದರ್ಶ ವಿದ್ಯಾಲಯಗಳಿವೆ, ಮಗು ಮನೆಯಿಂದಲೇ ಹೋಗಿಬರಬಹುದು. ನವೋದಯದಲ್ಲೇ 9ನೆಯ ತರಗತಿಯಲ್ಲಿ ಖಾಲಿ ಉಳಿದ ಸೀಟುಗಳಿಗೆ ಮತ್ತೊಂದು ಪರೀಕ್ಷೆ ನಡೆಯುತ್ತದೆ. 'ಒಂದೇ ಸಲ' ಎಂಬ ಬಾಗಿಲಿಗೆ ಅದೊಂದು ಕಿಟಕಿ.

ಊರಿನ ಸರ್ಕಾರಿ ಶಾಲೆಯಲ್ಲೇ ಉಳಿದ ಮಗುವಿಗೆ ಇನ್ನೂ ಒಂದಿದೆ. 8ನೆಯ ತರಗತಿಯಲ್ಲಿ ನಡೆಯುವ ರಾಷ್ಟ್ರೀಯ ವಿದ್ಯಾರ್ಥಿವೇತನದ ಪರೀಕ್ಷೆ. ಮೇಷ್ಟ್ರುಗಳ ಬಾಯಲ್ಲಿ ಎನ್‌ಎಂಎಂಎಸ್. ಆಯ್ಕೆಯಾದರೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೇ ಬರುತ್ತದೆ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ವಿಚಿತ್ರವೆಂದರೆ ನವೋದಯದ ಮಕ್ಕಳಿಗೆ, ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಇದಕ್ಕೆ ಕೂರಲು ಅವಕಾಶವಿಲ್ಲ. ಊರಲ್ಲಿ ಉಳಿದವರಿಗೆ ಮಾತ್ರ. ಇಲ್ಲಿಯೂ ಅರ್ಧಕ್ಕರ್ಧ ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದವೇ. ಐದನೆಯ ತರಗತಿಯಲ್ಲಿ ಆಕೃತಿಗಳನ್ನು ಬಿಡಿಸಿದ ಕೈಗೆ ಅವು ಹೊಸವಲ್ಲ, ಹಳೆಯ ಗೈಡನ್ನು ರದ್ದಿಗೆ ಹಾಕಬೇಕಾಗಿಲ್ಲ. ಅರ್ಜಿ ಮಾತ್ರ ಶಾಲೆಯ ಮೂಲಕವೇ ಹೋಗಬೇಕು. ಮಗು ಎಂಟನೆಯ ತರಗತಿಗೆ ಕಾಲಿಟ್ಟ ಜೂನ್ ತಿಂಗಳಲ್ಲೇ ಮುಖ್ಯೋಪಾಧ್ಯಾಯರನ್ನು ಕಂಡು ಕೇಳಿಟ್ಟುಕೊಳ್ಳಬೇಕು.