ಆಷಾಢದಲ್ಲಿ ಕೀಸಿದ ಕದ

ಹೊಸ ಮನೆಯನ್ನು ಕಟ್ಟಿಸುವವರಿಗಿಂತ ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರಿಗೆ ತಾಳ್ಮೆ ಹೆಚ್ಚು ಬೇಕು. ಗೋಡೆ, ಗಾರೆ, ನೆಲಗಳ ಕೆಲಸ ತೀರಿದ ಮೇಲೆ ಬಡಿಗತನದ ಸಣ್ಣಪುಟ್ಟ ಕಾರ್ಯಗಳು ಉಳಿಯುತ್ತವೆ. ಆ ವೇಳೆಗೆ ಹಣವೂ ತೀರಿರುತ್ತದೆ, ಮನಸ್ಸೂ ದಣಿದಿರುತ್ತದೆ. 2022ರಲ್ಲಿ ಧಾರವಾಡ ಸೀಮೆಯ ನಮ್ಮ ಹಿರಿಯರ ಮನೆಯ ದುರಸ್ತಿಯಲ್ಲಿ ನಾನೆಸಗಿದ ತಪ್ಪೊಂದನ್ನು ಓದುಗ ಬಂಧುಗಳಲ್ಲಿ ನಿವೇದಿಸುತ್ತೇನೆ.

ಅಜ್ಜನ ಕಾಲದ ಸಾಗವಾನಿ ಚೌಕಟ್ಟನ್ನು ಉಳಿಸಿಕೊಂಡು, ಹಲಗೆಗಳನ್ನು ಜೋಡಿಸಿದ ಹೊಸ ಕದವನ್ನು ಕೂಡಿಸಿದ್ದೆವು. ಆಷಾಢದ ಮಳೆ ಹಿಡಿದೊಡನೆ ಕದ ಬಿಗಿಯಿತು. ಅಂಚನ್ನು ಕೀಸಿಕೊಡಿರೆಂದು ಬಡಿಗರನ್ನು ಕರೆಸಿದೆ. ಅವರು ಕೈಯಿಂದ ಸವರಿ ನೋಡಿ, “ಗುರುಗಳ, ಈಗ ಹತ್ತರಿ ಹಾಕೂದು ಬ್ಯಾಡ. ಕಟ್ಟಿಗಿ ನೀರು ಕುಡದದ. ದೀಪಾವಳಿ ಕಳೀಲಿ” ಎಂದರು. ನಾಲ್ಕು ಗ್ರಂಥಗಳನ್ನೋದಿದವನ ಹಟ ನನ್ನದು, ಕೀಸಿಸಿಯೇ ಬಿಟ್ಟೆ. ಮುಂದಿನ ಚೈತ್ರದಲ್ಲಿ ಸಂದಿನೊಳಗೆ ಪೆನ್ಸಿಲು ತೂರುವಂತಾಯಿತು.

ಕಟ್ಟಿಗೆ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಅದನ್ನು ಬಿಟ್ಟು ಕುಗ್ಗುತ್ತದೆ. ಈ ಹಿಗ್ಗು-ಕುಗ್ಗುಗಳು ಎಳೆಗೆ ಅಡ್ಡಲಾಗಿ ಮಾತ್ರ ಹೆಚ್ಚು. ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದಲೇ ಕದದ ಅಗಲ ಬದಲಾಗುತ್ತದೆ, ಎತ್ತರ ಬದಲಾಗುವುದಿಲ್ಲ. ಬಲ್ಲ ಬಡಿಗರು ಚೌಕಟ್ಟಿನ ಕದವನ್ನು ಮಾಡುವಾಗ ನಡುವಣ ಹಲಗೆಯನ್ನು ಅಂಟಿನಿಂದ ಬಂಧಿಸದೆ, ತೋಡಿನೊಳಗೆ ಸಡಿಲವಾಗಿ ಬಿಡುತ್ತಾರೆ. ಬಂಧಿಸಿದರೆ ಹಲಗೆ ಸೀಳುತ್ತದೆ. ಇನ್ನೊಂದು ಮಾತು. ಕದದ ಎರಡೂ ಮುಖಗಳಿಗೆ ಪಾಲಿಶ್ ಹಚ್ಚಿ, ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಹಾಗೆಯೇ ಬಿಡುವುದು ಎಲ್ಲೆಡೆ ಕಂಡುಬರುವ ರೂಢಿ. ಅವು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ನೀರು ಬಹು ಬೇಗ ಒಳಸೇರುವುದು ಎಳೆಯ ತುದಿ ತೆರೆದಿರುವ ಅಲ್ಲಿಯೇ. ಕದವನ್ನು ಕೂಡಿಸುವ ಮೊದಲೇ ಆರೂ ಬದಿಗಳಿಗೆ ವಾರ್ನಿಷ್ ಆಗಿದೆಯೇ ಎಂದು ಯಜಮಾನನಾದವನು ನೋಡಿಕೊಳ್ಳಬೇಕು.

ಹೊಸ್ತಿಲಿನ ವಿಷಯದಲ್ಲಿ ಮಾತ್ರ ಮನೆಯೊಳಗೇ ವಾದ ಹುಟ್ಟಿತು. ನಮ್ಮ ಅಕ್ಕನವರಿಗೆ ದೃಷ್ಟಿ ಮಂದ. ಐದು ಅಂಗುಲದ ಹೊಸ್ತಿಲನ್ನು ಎರಡು ಸಲ ಎಡವಿದ್ದರು. ಕಿತ್ತುಬಿಡೋಣವೆಂದು ಮಕ್ಕಳು, ದಿನವೂ ಬೆಳಗ್ಗೆ ಅರಿಷಿಣ ಹಚ್ಚಿದ ಹೊಸ್ತಿಲನ್ನು ಮುಟ್ಟಕೂಡದೆಂದು ಅಕ್ಕನವರು. ನನಗೆ ಇಬ್ಬರ ಮಾತೂ ಸರಿಯೆನಿಸಿತು, ಹಾಗಾಗಿ ಯಾರಿಗೂ ಉಪಯೋಗವಾಗಲಿಲ್ಲ. ಬಡಿಗರೇ ದಾರಿ ತೋರಿದರು. ತಲೆಬಾಗಿಲ ಹೊಸ್ತಿಲನ್ನು ಉಳಿಸಿ, ಒಳಗಣ ಕೋಣೆಯ ಹಾಗೂ ಬಚ್ಚಲಿನ ಹೊಸ್ತಿಲುಗಳನ್ನು ತೆಗೆದರು. ತಲೆಬಾಗಿಲ ಚೌಕಟ್ಟಿಗೆ ಒತ್ತಿ, ಸೊಂಟದ ಎತ್ತರದಲ್ಲಿ, ಮುಷ್ಟಿಗೆ ಸಿಗುವಂತೆ ದುಂಡಗೆ ಕಡೆದ ಹಿಡಿಯೊಂದನ್ನು ಗೋಡೆಗೆ ಭದ್ರವಾಗಿ ಕೂಡಿಸಿದರು.

ಅಟ್ಟದ ಮೆಟ್ಟಿಲುಗಳನ್ನೂ ಆಗಲೇ ಅಳೆದೆವು. ವಾಸದ ಮನೆಗಳಲ್ಲಿ ಮೆಟ್ಟಿಲಿನ ಎತ್ತರ 190 ಮಿಲಿಮೀಟರನ್ನು ಮೀರಬಾರದು, ಪಾದವಿಡುವ ಅಗಲ 250ಕ್ಕಿಂತ ಕಡಿಮೆಯಿರಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ನಮ್ಮವು ಹತ್ತು ಅಂಗುಲ, ಅಂದರೆ 250 ಮಿಲಿಮೀಟರಿಗೂ ಮೇಲೆ ಎತ್ತರವಿದ್ದವು! ಅವನ್ನು ಬದಲಿಸುವ ಶಕ್ತಿಯಿರಲಿಲ್ಲ. ಕಟಕಟೆ ಹಾಕಿಸಿ ಸುಮ್ಮನಾದೆವು.

ನಾನು ಕೆಡಿಸಿದ ಕದಕ್ಕೆ ಬಡಿಗರು ಬಿಜಾಗರಿಯ ಬದಿಯಲ್ಲಿ ಅದೇ ಜಾತಿಯ ಕಟ್ಟಿಗೆಯ ತೆಳು ಪಟ್ಟಿಯೊಂದನ್ನು ಬೆಸೆದರು. ತೋರಿಸಿದ ಹೊರತು ತಿಳಿಯದು. ಈ ಆಷಾಢದಲ್ಲಿ ಕದ ಮತ್ತೆ ತುಸು ಬಿಗಿದಿದೆ. ಅಕ್ಕನವರು ಒಂದು ಕೈಯಲ್ಲಿ ಹಿಡಿಯನ್ನು ಹಿಡಿದು ಇನ್ನೊಂದರಿಂದ ಅದನ್ನು ತಳ್ಳುತ್ತಾರೆ, ನನ್ನ ಕಡೆ ನೋಡಿ ನಗುತ್ತಾರೆ. ಬಡಿಗರಿಗೆ ನಾನಿನ್ನೂ ಹೇಳಿಕಳಿಸಿಲ್ಲ.