ನಂಜು ರೋಗಕ್ಕೆ ಕುಲಾಂತರಿ ಬೀಜ ಬೇಕೆ?

ಸೇಡಂ, ಚಿತ್ತಾಪುರದ ಎರೆ ಹೊಲಗಳಲ್ಲಿ ತೊಗರಿ ಬೆಳೆಯುವವರಿಗೆ ಗೊಡ್ಡು ರೋಗ ಗೊತ್ತು. ಗಿಡ ಹಸಿರಾಗಿ ಪೊದೆ ಕಟ್ಟುತ್ತದೆ, ಹೂವೇ ಬಿಡುವುದಿಲ್ಲ. ಬರಿಗಣ್ಣಿಗೆ ಕಾಣದ ನುಸಿ ಹೊತ್ತು ತರುವ ವೈರಸ್ ಅದು. ಅದನ್ನು ತಾಳುವ ಗುಣ ತೊಗರಿಯ ಬಳಗದಲ್ಲೇ ಇತ್ತು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಆ ಗುಣವನ್ನು ಕೂಡಿಸಿ ‘ಆಶಾ’ ತಳಿ ಕೊಟ್ಟಿತು. ಹೀಗೆ ಬಳಗದಲ್ಲೇ ಸಿಕ್ಕರೆ ಕುಲಾಂತರಿಯ ಗೊಡವೆ ಬೇಡ.

ಸೂರ್ಯಕಾಂತಿಯಲ್ಲಿ ಹಾಗಾಗಲಿಲ್ಲ. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ನೆಕ್ರೋಸಿಸ್ ನಂಜು ರೋಗ ಕಾಣಿಸಿಕೊಂಡಿತು. ಎಲೆ ಸುಟ್ಟಂತಾಗಿ, ಕಾಂಡದಲ್ಲಿ ಕಪ್ಪು ಗೆರೆ ಮೂಡಿ, ತೆನೆ ಸೊಟ್ಟಗಾಗುತ್ತದೆ. ಕಾರಣ ಟೊಬ್ಯಾಕೊ ಸ್ಟ್ರೀಕ್ ವೈರಸ್. 2000ದಲ್ಲಿ ಅನಂತಪುರದ ಶೇಂಗಾವನ್ನು ಎರಡು ಲಕ್ಷಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ಹಾಳುಗೆಡವಿದ್ದೂ ಇದೇ. ಇದನ್ನು ಸಾಕುವುದು ಬದುವಿನ ಕಾಂಗ್ರೆಸ್ ಕಸ. ತಾನು ಮಾತ್ರ ರೋಗದ ಸುಳಿವೇ ತೋರದೆ ನಳನಳಿಸುತ್ತದೆ. ಅದರ ಪರಾಗ ಗಾಳಿಗೆ ಹಾರಿ ಎಲೆಯ ಮೇಲೆ ಕೂರುತ್ತದೆ, ಥ್ರಿಪ್ಸ್ ಕೀಟ ಎಲೆ ಕೆರೆದಾಗ ವೈರಸ್ ಆ ಗಾಯದೊಳಗೆ ಇಳಿಯುತ್ತದೆ. ಹೊಲದ ಸುತ್ತ ನಾಲ್ಕಾರು ಸಾಲು ಜೋಳ ಬಿತ್ತಿ, ಕಸ ಕಿತ್ತು ಹಾಕಿ ಎನ್ನುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ವಾಡಿಯಿಂದ ಸೇಡಂವರೆಗೆ ರೈಲು ಹಳಿಯ ಬದಿಯ, ಸಿಮೆಂಟ್ ಗಣಿಗಳ ಅಂಚಿನ ಪಾಳು ನೆಲದ ಕಸ ಕೀಳುವವರು ಯಾರು?

ಬೆಳೆಗೆ ತಗುಲಿದ ವೈರಸ್ಸಿಗೆ ಔಷಧಿ ಇಲ್ಲ. ಸೂರ್ಯಕಾಂತಿ ತಳಿಗಳಲ್ಲಿ ನೆಚ್ಚಿಕೊಳ್ಳುವಂಥ ನಿರೋಧ ಶಕ್ತಿಯೂ ಸಿಗಲಿಲ್ಲ. ಹಾಗಾಗಿ ಹೈದರಾಬಾದಿನ ಎಣ್ಣೆಬೀಜ ಸಂಶೋಧನಾ ಸಂಸ್ಥೆಯವರು ವೈರಸ್ಸಿನ ಕವಚದ ಜೀನನ್ನೇ ಸಸಿಗೆ ಸೇರಿಸಿ ನೋಡಿದರು. ಆ ತುಣುಕನ್ನು ಮೊದಲೇ ಬಲ್ಲ ಗಿಡ, ಅಂಥದೇ ಆರ್‌ಎನ್‌ಎ ಒಳಹೊಕ್ಕರೆ ಕತ್ತರಿಸಿ ಹಾಕುತ್ತದೆ. ಹವಾಯಿಯ ರೈತರು 1998ರಿಂದ ಇಂಥದೇ ಪರಂಗಿ ಬೆಳೆಯುತ್ತಿದ್ದಾರೆ. ‘ವೈರಸ್ ಜೀನು ತಿನ್ನುವುದೇ!’ ಎಂದು ಬೆಚ್ಚುವವರು ಸಂತೆಯ ಪರಂಗಿ ಸಿಪ್ಪೆಯ ಮೇಲಿನ ಉಂಗುರದ ಗುರುತುಗಳನ್ನು ನೋಡಲಿ. ಅದು ವೈರಸ್ ಬಡಿದ ಹಣ್ಣು. ನಾವು ತಿಂದುಕೊಂಡೇ ಬಂದಿದ್ದೇವೆ.

ನನಗೆ ಗಟ್ಟಿಯೆನಿಸುವ ಆಕ್ಷೇಪ ಬೀಜದ ಒಡೆತನದ್ದು. ಅಲ್ಲೂ ಬೆಳೆ ಬೆಳೆಗೆ ಲೆಕ್ಕ ಬೇರೆ. ಹೈಬ್ರಿಡ್ ಸೂರ್ಯಕಾಂತಿಯ ಬೀಜವನ್ನು ರೈತ ಈಗಲೂ ವರ್ಷವರ್ಷ ಕೊಳ್ಳುತ್ತಾನೆ. ಜೀನು ಸೇರಿದರೆ ಚೀಲದ ಬೆಲೆ ಏರೀತು, ಅವನ ಅವಲಂಬನೆಯೇನೂ ಹೊಸದಲ್ಲ. ಶೇಂಗಾ ಮಾತ್ರ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆ. ಮನೆಯ ಬೀಜವನ್ನೇ ಮರುವರ್ಷ ಬಿತ್ತಬಹುದು. ಒಮ್ಮೆ ಮಾರಿದರೆ ಮುಗಿಯುವ ವ್ಯಾಪಾರಕ್ಕೆ ಕಂಪನಿ ದುಡ್ಡು ಸುರಿಯುವುದಿಲ್ಲ. ಕುಲಾಂತರಿ ಎಂದರೆ ಕಂಪನಿಯ ಹುನ್ನಾರ ಎಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ: ಸರ್ಕಾರಿ ಸಂಸ್ಥೆ ಮಾಡದಿದ್ದರೆ ಯಾರೂ ಮಾಡುವುದಿಲ್ಲ.

ಸೂರ್ಯಕಾಂತಿ ನಮ್ಮ ಹೊಲ ಬಿಟ್ಟದ್ದು ನಂಜಿನಿಂದ ಮಾತ್ರವಲ್ಲ. ಹಡಗಿನಲ್ಲಿ ಬರುವ ಅಗ್ಗದ ಎಣ್ಣೆಯ ಪಾಲೂ ಇದೆ. ಅದಕ್ಕೆ ಯಾವ ಜೀನೂ ಇಲ್ಲ. ಆದರೂ ನಂಜಿನ ಮಟ್ಟಿಗಾದರೂ ಪರೀಕ್ಷೆ ನಡೆಯಬೇಕು. ಗಾಜಿನ ಮನೆಯಲ್ಲಿ ಗೆದ್ದ ಸಸಿ ಸಾಲದು, ಕಾಂಗ್ರೆಸ್ ಕಸ ಸುತ್ತುವರಿದ ಮಳೆಯಾಶ್ರಿತ ಹೊಲದಲ್ಲಿ ನಿಂತು ತೋರಿಸಬೇಕು. ಅಂಥ ಪ್ರಯೋಗಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಬೇಡವೆನ್ನುವುದಾದರೆ ಕಾರಣ ಬರೆದು ಬೇಡವೆನ್ನಲಿ, ಕಡತ ಮುಚ್ಚಿಟ್ಟು ಕೂರುವುದು ಬೇಡ.